ಬರಲಿರುವ ಚಿತ್ರದ ಹಾಡು

ಆ ಸಿನಿಮಾ ನೋಡಿದವರನ್ನು ನಾನು ಭೇಟಿಯಾಗಿದ್ದೇನೆ. ಒಬ್ಬರು ಮೇಲವಂಕಿಯವರು, ಕೊಲ್ಹಾಪುರದಲ್ಲಿ ನೋಡಿದ್ದರು. ಇನ್ನೊಬ್ಬರದು ಮೂಡಲಗಿಯಲ್ಲಿ ಚಹಾದ ಹೋಟೆಲು. ಅವರು ಸ್ವತಃ ನೋಡಿರಲಿಲ್ಲ, ಅವರ ಅಳಿಯ ನೋಡಿದ್ದ. ಆದರೂ ಕತೆಯನ್ನು ಅಳಿಯನಿಗಿಂತ ಬಿಡಿಸಿ ಹೇಳುತ್ತಿದ್ದರು. ಆ ಸಿನಿಮಾವನ್ನು ಯಾರೂ ತೆಗೆದಿರಲಿಲ್ಲ. ಅದರಲ್ಲಿ ಇದ್ದದ್ದು ಒಂದು ಹಾಡು ಮಾತ್ರ. ಆ ಹಾಡು ನಮ್ಮದು.

'ನಮ್ಮದು' ಎಂದು ಬರೆದ ಕೂಡಲೇ ತಿದ್ದಬೇಕು. ಹಾಡು ನನ್ನ ಗೆಳೆಯನದು. ನಾವು ಅದನ್ನು ನುಡಿಸಿದವರು.

ಮೂವರು ಇದ್ದೆವು. ಹೆಸರು ಬೇಡ, ಊರಿನಿಂದಲೇ ಕರೆಯುತ್ತೇನೆ. ಕಲ್ಲೋಳಿಯವನು ಗಿಟಾರ್ ನುಡಿಸಿ ಹಾಡುತ್ತಿದ್ದ, ಹಾಡು ಕಟ್ಟುತ್ತಿದ್ದವನೂ ಅವನೇ. ಅವನ ತಂದೆಗೆ ಊರಲ್ಲಿ ಕಾಳುಕಡಿಯ ಅಂಗಡಿ. ಮನೆಯಲ್ಲಿ ತಾಯಿಯ ಜೊತೆ ಮರಾಠಿ, ಅಂಗಡಿಯಲ್ಲಿ ತಂದೆಯ ಜೊತೆ ಕನ್ನಡ. ಗೋಕಾಕಿನವನು ಡ್ರಮ್ ಬಾರಿಸುತ್ತಿದ್ದ. ಅವನ ಮನೆತನದ್ದೇ ಮದುವೆ ಬ್ಯಾಂಡು. ಅವನ ಚಾಚಾ ಕ್ಲಾರಿನೆಟ್ ಊದುತ್ತ ಮುಂದೆ ನಡೆದರೆ ಉಳಿದ ಇಡೀ ಬಂಧುಬಳಗ ಕೆಂಪು ಕೋಟು ಹಾಕಿಕೊಂಡು ಹಿಂದೆ ನಡೆಯುತ್ತಿತ್ತು. ಆ ಬ್ಯಾಂಡಿನ ಹಳೆಯ ನಗಾರಿಗಳನ್ನು ಕಬ್ಬಿಣದ ಕುರ್ಚಿಯ ಕಾಲುಗಳಿಗೆ ಬಿಗಿದು ಅವನು ಡ್ರಮ್ ಸೆಟ್ ಮಾಡಿಕೊಂಡಿದ್ದ. ನಾನು ಹಿಡಕಲ್ಲಿನವನು. ತಂದೆ ನೀರಾವರಿ ಇಲಾಖೆಯಲ್ಲಿದ್ದರು. ಸಾಮಾನ್ಯ ಗಿಟಾರಿನ ಎರಡು ಸಣ್ಣ ತಂತಿ ಕಿತ್ತು, ಉಳಿದವನ್ನು ಸಡಿಲ ಮಾಡಿ, ಅದಕ್ಕೆ ಬೇಸ್ ಗಿಟಾರ್ ಎಂದು ಹೆಸರಿಟ್ಟಿದ್ದೆ. ಹೆಸರಿಟ್ಟದ್ದರಿಂದ ಅದು ಅರ್ಧ ಬೇಸ್ ಆಗಿತ್ತು. ಉಳಿದರ್ಧವನ್ನು ಕೇಳುವವರು ತುಂಬಿಕೊಳ್ಳಬೇಕಿತ್ತು.

ನಾವು ಸೇರಿದ್ದು ಗೋಕಾಕಿನ ಕಾಲೇಜಿನಲ್ಲಿ. ಹೇಗೆ ಸೇರಿದೆವು ಎಂಬುದಕ್ಕೆ ನನ್ನ ಹತ್ತಿರ ಒಂದು ಒಳ್ಳೆಯ ಪ್ರಸಂಗ ಇದೆ, ಬಹಳ ಸಲ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದು ಎಷ್ಟು ಸಲೀಸಾಗಿದೆಯೆಂದರೆ ಈಗ ನನಗೇ ಅದರ ಮೇಲೆ ನಂಬಿಕೆಯಿಲ್ಲ. ಆದ್ದರಿಂದ ಬಿಡುತ್ತೇನೆ. ಸೇರಿದೆವು, ಅಷ್ಟು ಸಾಕು.

ಅಭ್ಯಾಸ ನಡೆಯುತ್ತಿದ್ದದ್ದು ಹಿಡಕಲ್ ಕಾಲನಿಯ ಕ್ಲಬ್ಬಿನ ಹಾಲಿನಲ್ಲಿ. ಆಣೆಕಟ್ಟಿನ ಕೆಲಸ ಮುಗಿದು ಬಹಳ ಕಾಲವಾಗಿತ್ತು. ಕ್ವಾರ್ಟರ್ಸ್ ಅರ್ಧ ಖಾಲಿ, ಹಾಲಿನಲ್ಲಿ ಕಾಲು ಮುರಿದ ಕೇರಂ ಬೋರ್ಡು, ಒಂದು ಹಳೆಯ ಮೈಕ್ ಸೆಟ್. ಗಿಟಾರನ್ನು ಆ ಮೈಕ್ ಸೆಟ್ಟಿಗೇ ಜೋಡಿಸುತ್ತಿದ್ದೆವು. ಕರೆಂಟು ಇದ್ದಾಗ ಜೋರು, ಇಲ್ಲದಾಗ ಮೆಲ್ಲಗೆ. ಹಾಗಾಗಿ ನಮ್ಮ ಪ್ರತಿ ಹಾಡಿಗೂ ಎರಡು ರೂಪ ಇದ್ದವು. ಕಲ್ಲೋಳಿಯವನಿಗೆ ಮೆಲ್ಲಗಿನದೇ ಇಷ್ಟ. ಹೊತ್ತು ಮುಳುಗುವ ಮೊದಲೇ ಅವನ ಊಟ ಆಗಬೇಕು, ಅದು ಅವರ ಮನೆಯ ಪದ್ಧತಿ. ಕಾರ್ಯಕ್ರಮ ಇದ್ದ ದಿನ ಟೆಂಪೋದಲ್ಲೇ ಡಬ್ಬಿ ಬಿಚ್ಚಿ ರೊಟ್ಟಿ ತಿಂದು ಮುಗಿಸುತ್ತಿದ್ದ. ಸಂಘಟಕರು ಕೊಡುವ ಊಟ ನಮಗೆ ಕಾರ್ಯಕ್ರಮ ಮುಗಿದ ಮೇಲೆ. ಹೊಟ್ಟೆ ತುಂಬಿದವನು ಹಾಡುತ್ತಿದ್ದ, ಹಸಿದವರು ಬಾರಿಸುತ್ತಿದ್ದೆವು. ನಮ್ಮ ಬ್ಯಾಂಡಿನ ಸದ್ದಿನಲ್ಲಿ ಏನಾದರೂ ವಿಶೇಷ ಇದ್ದರೆ ಅದಕ್ಕೆ ಇದೇ ಕಾರಣ ಎಂದು ಗೋಕಾಕಿನವನು ಹೇಳುತ್ತಿದ್ದ.

ಆ ದಿನಗಳಲ್ಲಿ ನಮ್ಮ ಕಡೆ ವೇದಿಕೆ ಹತ್ತುವವರೆಲ್ಲ ಆರ್ಕೆಸ್ಟ್ರಾದವರು. ಗಣಪತಿ ಕೂಡಿಸುವ ತರುಣರ ಮಂಡಳಗಳು, ಕಾಲೇಜಿನ ವಾರ್ಷಿಕ ಗ್ಯಾದರಿಂಗು, ಮದುವೆ. ಎಲ್ಲ ಕಡೆ ಸಿನಿಮಾ ಹಾಡು. ಕೇಳುವವರು ಚೀಟಿ ಬರೆದು ಫರ್ಮಾಯಿಷ್ ಕಳಿಸುತ್ತಿದ್ದರು. ಚೀಟಿಯಲ್ಲಿ ಮೊದಲು ಸಿನಿಮಾದ ಹೆಸರು, ಆಮೇಲೆ ಹಾಡು, ಕೊನೆಗೆ ಕಳಿಸಿದ ಗೆಳೆಯರ ಬಳಗದ ಹೆಸರು. ಹಾಡಿದವನ ಹೆಸರು ಯಾರಿಗೂ ಬೇಕಿರಲಿಲ್ಲ. ಕಟ್ಟಿದವನದಂತೂ ದೂರ ಉಳಿಯಿತು.

ನಾವು ಮೊದಲ ಸಲ ಸ್ವಂತ ಹಾಡು ಹಾಡಿದ್ದು ನಮ್ಮದೇ ಕಾಲೇಜಿನ ಗ್ಯಾದರಿಂಗಿನಲ್ಲಿ, ಹಾಡುಹಗಲು. ನಾಲ್ಕಾರು ಸಿನಿಮಾ ಹಾಡು ಆದ ಮೇಲೆ ಕಲ್ಲೋಳಿಯವನು ಮೈಕಿನ ಹತ್ತಿರ ಬಂದು, "ಈಗ ನಾವು ಮಾಡಿದ ಒಂದು ಹಾಡು" ಎಂದ.

ಆ ಹಾಡು ಒಂದು ಬಸ್ಸಿನದು. ಒಬ್ಬ ಕ್ರಾಸಿನಲ್ಲಿ ನಿಂತು ಕಾಯುತ್ತಾನೆ. ಬಸ್ಸು ಬರುತ್ತದೆ. 'ಬಸ್ಸು ನಿಂತಿತು, ನೀ ಇಳಿಲಿಲ್ಲ. ಕಂಡಕ್ಟರ್ ಕೇಳಿದ, ನಾ ಹತ್ತಲಿಲ್ಲ.' ಅಷ್ಟೇ ಪಲ್ಲವಿ. ಗಿಟಾರು ಬಸ್ಸಿನ ಹಾಗೆ ಒಂದೇ ಸಮ ಓಡುತ್ತಿತ್ತು, 'ನಿಂತಿತು' ಎಂಬಲ್ಲಿ ಮೂರೂ ಜನ ಒಮ್ಮೆಗೇ ನಿಲ್ಲುತ್ತಿದ್ದೆವು. ಆ ನಿಲುಗಡೆಯೇ ಹಾಡಿನ ಜೀವ. ಗ್ಯಾದರಿಂಗಿನಲ್ಲಿ ನಾವು ನಿಂತೆವು. ಆ ಖಾಲಿ ಜಾಗದಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, "ಪ್ರಾಕ್ಟೀಸ್ ಮನಿಯಾಗ ಮಾಡ್ರಿ, ಇಲ್ಲಿ ಪಿಚ್ಚರ್ ಹಾಡ ಹೇಳ್ರಿ" ಎಂದ. ಇಡೀ ಮಂಟಪ ನಕ್ಕಿತು. ಅವನು ಹೇಳಿದ್ದು ತಾಳಕ್ಕೆ ಸರಿಯಾಗಿತ್ತು ಎಂದು ಗೋಕಾಕಿನವನು ಆಮೇಲೂ ಮೆಚ್ಚಿಕೊಳ್ಳುತ್ತಿದ್ದ.

ವಾಪಸು ಬರುವಾಗ ಟೆಂಪೋದಲ್ಲಿ ಗೋಕಾಕಿನವನು ನಗಾರಿಯ ಮೇಲೆ ಕೂತು ಹೇಳಿದ: "ಮಂದಿಗೆ ಹಾಡ ಸೇರಲಿಲ್ಲ ಅಂತ ಅಲ್ಲೋ. ಎಲ್ಲಿಂದ ಬಂತು ಅನ್ನೂದು ತಿಳಿಲಿಲ್ಲ. ಕಳಿಸಿದವರ ಹೆಸರಿಲ್ಲದ ಟಪಾಲು ಯಾರು ತೊಗೋತಾರ?"

"ಕಳಿಸಿದವ ನಾನು ಅದೀನಲ್ಲ."

"ನೀ ಯಾರು?"

ಚೇಷ್ಟೆಗೆ ಕೇಳಿದ್ದು.

ಮುಂದಿನ ಕಾರ್ಯಕ್ರಮ ಹುಕ್ಕೇರಿಯಲ್ಲಿ, ಒಂದು ಗಣಪತಿ ಮಂಡಳದ್ದು. ಹಾಡುಗಳನ್ನು ಹೆಸರಿಸಿ ಹೇಳುವ ಕೆಲಸ ಗೋಕಾಕಿನವನದು, ಅವನ ದನಿಗೆ ಮೈಕು ಬೇಕಿರಲಿಲ್ಲ. ಬಸ್ಸಿನ ಹಾಡಿನ ಸರದಿ ಬಂದಾಗ ಅವನು ಹೇಳಿದ್ದು ಇಷ್ಟು: "ಈಗ ಒಂದು ಬರಲಿರುವ ಚಿತ್ರದ ಹಾಡು. ನಮ್ಮ ಕಡಿ ಮಾತಿನಾಗ ತೆಗೆದ ಪಿಚ್ಚರ್. ಇನ್ನ ರಿಲೀಸ್ ಆಗಿಲ್ಲ, ನಿಮಗ ಮೊದಲ ಕೇಳಸ್ತೀವಿ." ಆಮೇಲೆ ಸಿನಿಮಾದ ಹೆಸರನ್ನೂ ಹೇಳಿದ. ಕಲ್ಲೋಳಿಯವನು ತಿರುಗಿ ನೋಡುವಷ್ಟರಲ್ಲಿ ಕೋಲು ತಾಳ ಎಣಿಸಿ ಆಗಿತ್ತು. ನುಡಿಸದೆ ಬೇರೆ ದಾರಿ ಇರಲಿಲ್ಲ.

ಆ ಸಿನಿಮಾದ ಹೆಸರನ್ನು ಇಲ್ಲಿ ಬರೆಯಲಾರೆ. ಮೂವರಿಗೂ ಬೇರೆ ಬೇರೆ ನೆನಪಿದೆ. ನನಗೆ ನೆನಪಿರುವ ಹೆಸರಿನಲ್ಲಿ ಒಂದು ನದಿಯಿದೆ. ಗೋಕಾಕಿನವನ ಪ್ರಕಾರ ನದಿಯಿಲ್ಲ, ಹುಡುಗಿಯಿದ್ದಾಳೆ. ಹೇಳಿದವನೇ ಅವನಾದ್ದರಿಂದ ಅವನನ್ನು ನಂಬಬೇಕು ಅನಿಸುತ್ತದೆ. ಆದರೆ ಅವನು ಒಂದೊಂದು ಕಡೆ ಒಂದೊಂದು ಹೆಸರು ಹೇಳಿರುವ ಸಾಧ್ಯತೆಯೂ ಇದೆ.

'ನಿಂತಿತು' ಎಂಬಲ್ಲಿ ನಾವು ನಿಂತಾಗ ಹುಕ್ಕೇರಿಯವರೂ ನಿಂತರು. ಅಂದರೆ ಪಿಸುಮಾತು ಸಹ ನಿಂತಿತು. ಹಾಡು ಮುಗಿದ ಮೇಲೆ ಚೀಟಿಗಳು ಬಂದವು. ಅವುಗಳಲ್ಲಿ ನಮ್ಮ ಹಾಡಿತ್ತು, ಇಲ್ಲದ ಸಿನಿಮಾದ ಹೆಸರಿನ ಕೆಳಗೆ. ಇನ್ನೊಮ್ಮೆ ಹಾಡಿದೆವು. ಕೆಳಗಿಳಿದಾಗ ಮಂಡಳದ ಹುಡುಗನೊಬ್ಬ ಕಲ್ಲೋಳಿಯವನ ಕೈ ಹಿಡಿದು, "ಖರೆ ಹೇಳ್ರಿ, ಪಿಚ್ಚರ್‌ದಾಗ ಪೂರಾ ಹಿಂಗ ಮಾತಾಡ್ತಾರ? ನಮ್ಮ ಗತೆ?" ಎಂದು ಕೇಳಿದ.

ಕಲ್ಲೋಳಿಯವನಿಗೆ ಸುಳ್ಳು ಬರುತ್ತಿರಲಿಲ್ಲ. "ಹಾಡಿನಾಗಂತೂ ಮಾತಾಡ್ತಾರ" ಎಂದ.

ಈಗ ಯೋಚಿಸಿದರೆ ಅನಿಸುತ್ತದೆ, ಜನ ಮೋಸ ಹೋದರು ಎನ್ನುವುದು ಸರಿಯಲ್ಲ. ನಾವು ನೋಡುತ್ತಿದ್ದ ಸಿನಿಮಾಗಳಲ್ಲಿ ನಮ್ಮ ಕಡೆಯ ಮಾತು ಬರುತ್ತಿದ್ದದ್ದು ನಗಿಸುವವನ ಬಾಯಲ್ಲಿ, ಇಲ್ಲವೆ ಕುಡಿದವನ ಬಾಯಲ್ಲಿ. ಪ್ರೀತಿಸುವವರು ಆ ಮಾತು ಆಡುತ್ತಿರಲಿಲ್ಲ. ಹಾಗೆ ಆಡುವ ಒಂದು ಸಿನಿಮಾ ಬರಲಿದೆ ಎಂದರೆ ಯಾರು ಬೇಡ ಅನ್ನುತ್ತಾರೆ? ಇದು ನನ್ನ ಈಗಿನ ವಿವರಣೆ. ಆಗ ನಮಗೆ ಚಪ್ಪಾಳೆ ಬಿದ್ದದ್ದು ಮಾತ್ರ ಗೊತ್ತಾಗಿತ್ತು.

ಹಾಡು ಓಡಾಡತೊಡಗಿತು. ಗೋಕಾಕಿನವನ ಚಾಚಾ ಅದನ್ನು ಕ್ಲಾರಿನೆಟ್ಟಿಗೆ ಹಾಕಿಕೊಂಡು ಮೆರವಣಿಗೆಯಲ್ಲಿ ಊದಿದರು. ಅವರಿಗೂ ಇವನು ನಿಜ ಹೇಳಿರಲಿಲ್ಲ. "ನಾ ಮಾಡಿದ್ದು, ನನ್ನ ದೋಸ್ತ ಮಾಡಿದ್ದು ಅಂದ್ರ ಚಾಚಾ ಕಿವಿಗೆ ಹಾಕ್ಕೋಳ್ಳೂದಿಲ್ಲ. ಪಿಚ್ಚರ್‌ದು ಅಂದ್ರ ಅರ್ಧ ತಾಸಿನಾಗ ಕಲೀತಾರ" ಎನ್ನುತ್ತಿದ್ದ. ಬೇರೆ ಆರ್ಕೆಸ್ಟ್ರಾದವರೂ ಹಾಡಿದರು. ಅವರು ಸಿನಿಮಾಕ್ಕೆ ನಾಯಕ ನಾಯಕಿಯರನ್ನೂ ಸೇರಿಸಿದ್ದರು.

ಮೇಲವಂಕಿಯಲ್ಲಿ ಒಂದು ಮದುವೆಗೆ ನುಡಿಸಲು ಹೋದಾಗ, ಮಧ್ಯಾಹ್ನದ ಪಂಕ್ತಿಯಲ್ಲಿ ನಮ್ಮ ಬಾಜೂ ಕೂತ ಹಿರಿಯರೊಬ್ಬರು ಆ ಸಿನಿಮಾ ನೋಡಿಯೇ ಬಂದಿದ್ದರು.

"ಕೊಲ್ಹಾಪುರದಾಗ ಹಾಕಿದ್ರು. ನಾ ದವಾಖಾನಿಗೆ ಹೋಗಿದ್ದೆ, ಹಂಗ ನೋಡ್ಕೊಂಡ ಬಂದೆ."

ಗೋಕಾಕಿನವನು ತಲೆ ತಗ್ಗಿಸಿ ಬುಂದಿ ತಿನ್ನತೊಡಗಿದ. ಕಲ್ಲೋಳಿಯವನು ಮಾತ್ರ ಅವರ ಕಡೆ ಪೂರಾ ತಿರುಗಿ ಕೂತ. "ಹೆಂಗೈತ್ರಿ?"

"ಚೊಲೋ ಐತಿ. ಮೊದಲಿಗೆ ಸ್ವಲ್ಪ ಎಳದಾರ. ಆ ಹುಡಿಗಿ ಬಸ್ಸಿನಾಗ ಬರ್ತಾಳ, ಇಳಿಯೂದ ಇಲ್ಲ."

"ಹಾಡಿನಾಗ ಹಂಗ ಐತಿ."

"ಹಾಡಿನಾಗ ಅಷ್ಟ ಐತಿ. ಕಡಿಕ ಇಳಿತಾಳಲ್ಲ."

ಕಲ್ಲೋಳಿಯವನ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. "ಇಳಿದು ಎಲ್ಲಿಗಿ ಹೋಗ್ತಾಳ್ರಿ?"

ಹಿರಿಯರು ಸ್ವಲ್ಪ ಯೋಚಿಸಿದರು. "ಅಷ್ಟೊತ್ತಿಗೆ ನನ್ನ ಬಸ್ಸಿಗಿ ಟೈಮ್ ಆಗಿತ್ತು, ಎದ್ದು ಬಂದೆ."

ಇದನ್ನು ನಾವು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕೆವು. ಕಲ್ಲೋಳಿಯವನು ನಗುತ್ತಿದ್ದ, ಆದರೆ ಬೇಗ ನಿಲ್ಲಿಸುತ್ತಿದ್ದ. ಒಂದು ದಿನ ಅಭ್ಯಾಸ ಮುಗಿಸಿ ಮೂವರೂ ಕಾಲನಿಯ ಹಿಂದಿನ ದಿಬ್ಬದ ಮೇಲೆ ಕೂತಿದ್ದೆವು. ಕೆಳಗೆ ಹಿನ್ನೀರು, ಮೀನಿನವರ ಬುಟ್ಟಿದೋಣಿ. ಅವನು ಡಬ್ಬಿ ಬಿಚ್ಚಿದವನು ತಿನ್ನದೆ ಹೇಳಿದ: "ನಮ್ಮಪ್ಪ ನಿನ್ನಿ ಅಂಗಡಿಯಾಗ ಆ ಹಾಡ ಗುಣುಗುಣು ಅನ್ನಾಕತ್ತಿದ್ದ."

ಅವನ ತಂದೆಯನ್ನು ನಾನು ಬಲ್ಲೆ. ಗಿಟಾರನ್ನು 'ಆ ಡಬ್ಬಿ' ಎಂದು ಕರೆಯುತ್ತಿದ್ದರು. ಬಯ್ಯುತ್ತಿರಲಿಲ್ಲ. ಮಗ ಒಂದು ದಿನ ತಾನಾಗಿ ಬಿಡುತ್ತಾನೆ ಎಂದು ಕಾಯುತ್ತಿದ್ದರು, ಅದು ಬಯ್ಗುಳಕ್ಕಿಂತ ಗಟ್ಟಿ. ಅವರು ಹಾಡು ಗುನುಗಿದ್ದನ್ನು ಮಗ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಮತ್ತ ಹೇಳಬೇಕಿಲ್ಲೇನ್, ನಂದ ಅಂತ?" ಎಂದ ಗೋಕಾಕಿನವನು.

"ಹೇಳಿದೆ."

"ಏನಂದ್ರು?"

"'ಹೌದ? ಮತ್ತ ಆ ಪಿಚ್ಚರ್‌ನವರು ಸುಮ್ಮನ ಬಿಟ್ಟಾರ ನಿನ್ನ?' ಅಂದ. ನಾ ನಕಲ ಮಾಡೀನಿ ಅಂತ ತಿಳಕೊಂಡಾನ. 'ಮಂದಿ ಮಾಲ ನಮ್ಮದು ಅನಬ್ಯಾಡ, ಅಂಗಡಿ ನಡಸವರು ನಾವು' ಅಂದ."

ಗೋಕಾಕಿನವನು ನಗಲಿಲ್ಲ. ನಾನೂ ನಗಲಿಲ್ಲ. ಹಾಡು ಊರೂರು ತಿರುಗಿದ್ದು ನಮಗೆ ಗೆಲುವಾಗಿತ್ತು. ಅವನಿಗೆ ಬೇಕಿದ್ದದ್ದು ಅಷ್ಟು ದೊಡ್ಡದಲ್ಲ, ಆದ್ದರಿಂದಲೇ ಕಷ್ಟದ್ದು. ಈ ಹಾಡು ತನ್ನ ತಲೆಯಲ್ಲಿ ಹುಟ್ಟಿದ್ದು ಎಂದು ಆ ಅಂಗಡಿಯಲ್ಲಿ ಕೂತವರೊಬ್ಬರು ಒಪ್ಪಬೇಕಿತ್ತು.

ಇನ್ನು ಮೇಲೆ ಸಿನಿಮಾದ ಹೆಸರು ಹೇಳಬಾರದು ಎಂದು ಅವನು ತೀರ್ಮಾನಿಸಿದ. ಮೂಡಲಗಿಯ ಗಣಪತಿ ಮಂಡಳದ ಕಾರ್ಯಕ್ರಮ ಹತ್ತಿರ ಇತ್ತು. ಕಲ್ಲೋಳಿಗೆ ಅದು ಬಾಜೂ ಊರು. ಅಲ್ಲಿ ಹೇಳಿದರೆ ಮರುದಿನ ಅಂಗಡಿಗೆ ಮುಟ್ಟುತ್ತದೆ ಎಂಬುದು ಅವನ ಲೆಕ್ಕ. ಸಂಜೆ, ಇನ್ನೂ ಬೆಳಕಿರುವಾಗಲೇ ಶುರು ಮಾಡಿದೆವು. ಬಸ್ಸಿನ ಹಾಡಿಗೆ ಚೀಟಿ ಬಂತು. ಅವನು ಚೀಟಿ ಓದಿ, ಮಡಿಸಿ, ಮೈಕಿನಲ್ಲಿ ಹೇಳಿದ: "ಈ ಹಾಡು ಯಾವ ಪಿಚ್ಚರ್‌ದೂ ಅಲ್ರಿ. ಅಂಥಾ ಪಿಚ್ಚರ್ ಇಲ್ಲ. ಇದನ್ನ ನಾ ಮಾಡೀನಿ, ಕಲ್ಲೋಳಿಯಾಗ, ನಮ್ಮ ಮಾಳಗಿ ಮ್ಯಾಲ ಕುಂತು."

ಕೂಗಾಟ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಜನ ಮುಜುಗರಗೊಂಡರು. ಮದುವೆಮನೆಯಲ್ಲಿ ಯಾರೋ ಅತಿಯಾಗಿ ಮಾತಾಡಿದಾಗ ಉಳಿದವರು ಬೇರೆ ಕಡೆ ನೋಡುತ್ತಾರಲ್ಲ, ಹಾಗೆ. ಮಂಡಳದ ಹಿರಿಯರೊಬ್ಬರು ಧೋತರ ಎತ್ತಿ ಹಿಡಿದು ನಿಧಾನ ಮೆಟ್ಟಿಲು ಹತ್ತಿ ಬಂದು, ಅವನ ಹೆಗಲ ಮೇಲೆ ಕೈ ಇಟ್ಟರು. ಮೈಕು ಹತ್ತಿರವೇ ಇದ್ದದ್ದರಿಂದ ಅವರು ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ತಮ್ಮಾ, ಛಲೋ ಹಾಡ್ತಿ. ಆದ್ರ ಹಂಗ ಅನಬಾರ್ದು. ನಮ್ಮ ಮಾತಿನಾಗ ಒಂದ ಪಿಚ್ಚರ್ ಬಂದೈತಿ. ಯಾರೋ ಪಾಪ ಕಷ್ಟ ಬಿದ್ದು ತಗದಾರ. ಅದನ್ನೂ ಇಲ್ಲ ಅಂದ್ರ ಹೆಂಗ?"

"ಖರೇನ ಇಲ್ರಿ ಕಾಕಾ."

"ಇರ್ಲಿ, ಇರ್ಲಿ. ವಯಸ್ಸಿನಾಗ ಅನಸ್ತೈತಿ. ಹಾಡು ಈಗ."

ಅವನು ಹಾಡಿದ. ಅಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲ ಎಂದು ಬರೆಯಲು ಕೈ ಓಡುತ್ತಿದೆ. ನಿಜವಾಗಿ ಅವತ್ತು ಅವನ ದನಿ ಸುಮಾರಾಗಿತ್ತು. ನನ್ನ ಬೇಸ್ ಒಂದು ಕಡೆ ತಪ್ಪಿತು. ಜನ ಚಪ್ಪಾಳೆ ಹೊಡೆದರು. ಕ್ಷಮಿಸಿದವರ ಚಪ್ಪಾಳೆ ಅದು.

ಆಮೇಲೆ ಕ್ಯಾಸೆಟ್ ಮಾಡಿದೆವು. ಬಾಯಿಮಾತು ನಡೆಯದಿದ್ದರೆ ಅಚ್ಚಿನ ಅಕ್ಷರ ನಡೆಯುತ್ತದೆ ಎಂದು ಅವನಿಗೆ ಅನಿಸಿತ್ತು. ಬೆಳಗಾವಿಯ ಒಂದು ಸಣ್ಣ ಸ್ಟುಡಿಯೋ, ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ ಕೋಣೆ. ಆರು ಹಾಡು, ಎಲ್ಲವೂ ಅವನವು. ಹೊದಿಕೆಯ ಮೇಲೆ ಸಾಹಿತ್ಯ, ಸಂಗೀತ, ಗಾಯನ ಎಂದು ಮೂರು ಸಾಲಿನಲ್ಲಿ ಅವನ ಹೆಸರೇ ಬಂತು. ಗೋಕಾಕಿನವನು, "ಇನ್ನೊಂದ ಜಾಗಾ ಐತಿ, ನಿರ್ದೇಶನ ಅಂತನೂ ಹಾಕಿಬಿಡು" ಎಂದು ಕಾಡಿದ.

ಹುಕ್ಕೇರಿಯ ಬಸ್‌ಸ್ಟ್ಯಾಂಡಿನ ಎದುರಿನ ಕ್ಯಾಸೆಟ್ ಅಂಗಡಿಯಲ್ಲಿ ನಮ್ಮ ಕ್ಯಾಸೆಟ್ಟು ಮುಂದಿನ ಸಾಲಿನಲ್ಲೇ ಇದೆ ಎಂದು ಕೇಳಿ ನೋಡಲು ಹೋದೆವು. ಇತ್ತು. ಅವನ ಹೆಸರು ಅಚ್ಚಾದ ಜಾಗದ ಮೇಲೆ ಒಂದು ಬಿಳಿ ಕಾಗದ ಅಂಟಿಸಿ, ಅಂಗಡಿಯವನು ನೀಲಿ ಶಾಯಿಯಲ್ಲಿ ಅಂದವಾಗಿ ಆ ಸಿನಿಮಾದ ಹೆಸರು ಬರೆದಿದ್ದ.

"ಇದೇನ್ರಿ ಇದು?" ಎಂದ ಕಲ್ಲೋಳಿಯವನು.

"ಹೊಸಾ ಮಾಲ್ರಿ. ಭಾಳ ಕೇಳ್ತಾರ."

"ಇದರ ಕೆಳಗ ನನ್ನ ಹೆಸರೈತಿ."

ಅಂಗಡಿಯವನು ಇವನ ಮುಖ ನೋಡಿದ, ಕಾಗದ ತುದಿಯಲ್ಲಿ ಎತ್ತಿ ಹೆಸರು ಓದಿದ, ಮತ್ತೆ ಒತ್ತಿದ. ಅವನಿಗೆ ನಾಚಿಕೆ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಸ್ಟೂಲು ಕೊಟ್ಟು ಕೂಡಿಸಿ ಚಹಾ ತರಿಸಿದ. "ನಿಮ್ಮ ಹೆಸರ ಹೇಳಿ ಯಾರೂ ಕೇಳೂದಿಲ್ರಿ. ಪಿಚ್ಚರ್ ಹೆಸರ ಹೇಳಿ ಕೇಳ್ತಾರ. ನಾ ಏನ ಮಾಡ್ಲಿ ಹೇಳ್ರಿ?"

"ಆ ಪಿಚ್ಚರ್ ಇಲ್ಲ ಅಂತ ಹೇಳ್ರಿ."

"ಇನ್ನ ಬಂದಿಲ್ಲ ಅಂತ ಹೇಳ್ತೀನಿ. ಇಲ್ಲವೇ ಇಲ್ಲ ಅಂದ್ರ ಮಂದಿ ಬ್ಯಾಸರ ಮಾಡ್ಕೋತಾರ್ರಿ."

ಚಹಾ ಕುಡಿದು ಎದ್ದೆವು. ಕಾಗದ ಕಿತ್ತು ಹಾಕಲು ಕಲ್ಲೋಳಿಯವನ ಕೈ ಮುಂದೆ ಹೋದದ್ದನ್ನು ನೋಡಿದೆ. ಹೋಯಿತು, ಕ್ಯಾಸೆಟ್ಟನ್ನು ನೆಟ್ಟಗೆ ನಿಲ್ಲಿಸಿ ಹಿಂದೆ ಬಂತು.

ಆ ದಿನದ ಮೇಲೆ ಅವನು ವಾದ ಮಾಡುವುದನ್ನು ಬಿಟ್ಟ. ವೇದಿಕೆಯಲ್ಲಿ ಸಿನಿಮಾದ ಹೆಸರನ್ನೂ ಹೇಳಲಿಲ್ಲ, ತನ್ನ ಹೆಸರನ್ನೂ ಹೇಳಲಿಲ್ಲ. ಗೋಕಾಕಿನವನಿಗೂ ಹೇಳಗೊಡಲಿಲ್ಲ. ಹಾಡು ಮುಗಿದರೆ ಮುಂದಿನ ಹಾಡು. "ಯಾವ ಪಿಚ್ಚರ್‌ದು?" ಎಂದು ಕೆಳಗಿನಿಂದ ಕೂಗಿದರೆ ಗಿಟಾರಿನ ಕಿವಿ ತಿರುವುತ್ತ ನಿಲ್ಲುತ್ತಿದ್ದ. ಬ್ಯಾಂಡು ಹಾಗೇ ನಡೆಯಿತು. ಅದರ ಕೊನೆ ಹೇಗಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಹೇಳುವಂಥದ್ದು ಇಲ್ಲ. ಜಗಳ ಆಗಲಿಲ್ಲ. ಕೆಲವು ವರ್ಷಗಳಲ್ಲಿ ಚಾಚಾಗೆ ಉಸಿರು ಸಾಲದೆ ಮದುವೆ ಬ್ಯಾಂಡು ಗೋಕಾಕಿನವನ ಕೈಗೆ ಬಂತು. ನನಗೆ ಹುಕ್ಕೇರಿಯಲ್ಲಿ ಪಗಾರದ ಕೆಲಸ ಸಿಕ್ಕಿತು. ಮಂಡಳಗಳಿಗೆ ದೊಡ್ಡ ಸ್ಪೀಕರಿನ ಗಾಡಿಗಳು ಬಂದವು. ಒಂದು ವರ್ಷ ಗಣಪತಿ ಬಂದು ಹೋಯಿತು, ನಮ್ಮನ್ನು ಯಾರೂ ಕರೆದಿರಲಿಲ್ಲ ಎಂಬುದು ನಮಗೆ ದೀಪಾವಳಿಯ ಹೊತ್ತಿಗೆ ಗಮನಕ್ಕೆ ಬಂತು.

ನಾನು ಹೇಳಬೇಕೆಂದಿರುವುದು ಅದಕ್ಕೆ ಮುಂಚಿನದು. ಕ್ಯಾಸೆಟ್ ಬಂದ ಮರುವರ್ಷ ಹಿಡಕಲ್ಲಿನ ಹಾಲನ್ನು ಇಲಾಖೆಯವರು ಪೈಪು ತುಂಬಿಡಲು ತೆಗೆದುಕೊಂಡರು. ಅಭ್ಯಾಸಕ್ಕೆ ಜಾಗ ಇಲ್ಲವಾಯಿತು. ಕಲ್ಲೋಳಿಯವನ ಅಂಗಡಿಯ ಹಿಂದೆ ಕಾಳಿನ ಚೀಲ ಇಡುವ ಕೋಣೆ ಇತ್ತು. ತಂದೆ ಒಪ್ಪಿದರು. ಒಪ್ಪಿದ್ದಕ್ಕೆ ಕಾರಣ ಸಂಗೀತ ಅಲ್ಲ, ಮಗ ಕಣ್ಣೆದುರು ಇರುತ್ತಾನೆ, ಕರೆದರೆ ತೂಕಕ್ಕೆ ಬರುತ್ತಾನೆ ಎಂದು. ಹಾಡಿಗೂ ತಕ್ಕಡಿಗೂ ನಡುವೆ ಒಂದು ಗೋಣಿಪಾಟಿನ ಪರದೆ ಮಾತ್ರ.

ಅಲ್ಲಿಯವರೆಗೆ ಅವನ ತಂದೆ ಮಗನ ಹಾಡುಗಳನ್ನು ಕೇಳಿದ್ದದ್ದು ಮುಗಿದ ಮೇಲೆ. ಬೀದಿಯಲ್ಲಿ, ಮೆರವಣಿಗೆಯಲ್ಲಿ, ಯಾರದೋ ಟೇಪಿನಲ್ಲಿ. ಮಗ ಹಾಡು ಕಟ್ಟುತ್ತಿದ್ದದ್ದು ಮಾಳಿಗೆಯ ಮೇಲೆ, ಇಲ್ಲವೆ ಹಿಡಕಲ್ಲಿನಲ್ಲಿ. ಈಗ ಮೊದಲ ಸಲ ಹಾಡು ಆಗುವಾಗಲೇ ಕೇಳಬೇಕಾಯಿತು.

ಆಗ ಅವನು ಕಟ್ಟುತ್ತಿದ್ದದ್ದು ಕಾಲುವೆಯ ಹಾಡು. ಮೊದಲ ಸಾಲು ಬಂದಿತ್ತು: 'ಇವತ್ತ ಬಿಟ್ಟ ನೀರು ನಾಳೆ ಬರತೈತಿ.' ಎರಡನೆಯದು ಬಂದಿರಲಿಲ್ಲ. ಅವನ ಕ್ರಮ ಹೀಗೆ: ಸಿಕ್ಕ ಸಾಲನ್ನೇ ಹಾಡುತ್ತ ಹಾಡುತ್ತ ಅದು ಮುಂದಿನದನ್ನು ಎಳೆದುಕೊಂಡು ಬರಲಿ ಎಂದು ಕಾಯುವುದು. ಇದು ನಮಗೆ ಅಭ್ಯಾಸವಾಗಿತ್ತು. ಹೊರಗಿನವರಿಗೆ ಹಲ್ಲುನೋವಿನಂತೆ. ದಿನಗಟ್ಟಲೆ ಅದೇ ಸಾಲು. ನಡುವೆ ಬೇರೆ ಪದ ಇಟ್ಟು ನೋಡುತ್ತಿದ್ದ, ಸರಿಹೋಗದೆ ನಿಲ್ಲುತ್ತಿದ್ದ, ಬಯ್ದುಕೊಂಡು ಮತ್ತೆ ಮೊದಲಿನಿಂದ.

ಒಂದು ಮಧ್ಯಾಹ್ನ ನಾನು ಬೇಸ್ ಹಿಡಿದು ಅವನೆದುರು ಕೂತಿದ್ದೆ. ಗೋಕಾಕಿನವನು ಬಂದಿರಲಿಲ್ಲ. ಹೊರಗೆ ತಕ್ಕಡಿಯ ಸದ್ದು. ಗೋಧಿ ತೂಗುತ್ತಿದ್ದರು ಎಂದು ನನ್ನ ನೆನಪು, ಜೋಳವೂ ಇರಬಹುದು. ಪರದೆಯಾಚೆಯಿಂದ ತಂದೆಯ ದನಿ ಬಂತು.

"ಅದೊಂದ ಸಾಲ ಎಷ್ಟ ದಿನ ಅಂತಿ? ಮುಂದ ಹೋಗು."

"ಮುಂದಿಂದು ಇನ್ನ ಬಂದಿಲ್ಲಪ್ಪಾ."

"ಬಂದಿಲ್ಲ ಅಂದ್ರ? ಎಲ್ಲಿಂದ ಬರಬೇಕು?"

ಕಲ್ಲೋಳಿಯವನು ಅದೇ ಸಾಲನ್ನು ಇನ್ನೊಮ್ಮೆ ಹಾಡಿದ. ತಕ್ಕಡಿಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಪರದೆ ಸರಿಸಿ ಅವರು ಬಾಗಿಲಲ್ಲಿ ನಿಂತರು, ಕೈಯಲ್ಲಿ ಕಾಳು ಮೊಗೆಯುವ ಸೇರು. ಗಿಟಾರನ್ನು ನೋಡಲಿಲ್ಲ. ಮಗನ ಬಾಯಿಯ ಕಡೆ ನೋಡುತ್ತಿದ್ದರು.

"ಆ ಬಸ್ಸಿಂದೂ ಹಿಂಗ ಮಾಡಿದ್ದೇನ?"

"ಹೂಂ."

"ಎಷ್ಟ ದಿನ ಹಿಡೀತು?"

"ಮಳಿಗಾಲ ಪೂರಾ ಹಿಡೀತು. 'ಕಂಡಕ್ಟರ್' ಅನ್ನೂದ ಬರವಲ್ತಾಗಿತ್ತು. ಮೊದಲು 'ಡ್ರೈವರ್' ಇತ್ತು."

ಅವರು 'ಡ್ರೈವರ್ ಕೇಳಿದ' ಎಂದು ಬಾಯೊಳಗೆ ಅಂದು ನೋಡಿದರು. ತಲೆ ಅಲ್ಲಾಡಿಸಿದರು. "ಡ್ರೈವರ್ ಯಾಕ ಕೇಳ್ತಾನ? ಅವನ ಕೆಲಸ ಅಲ್ಲ ಅದು." ಆಮೇಲೆ ನನ್ನ ಕಡೆ ತಿರುಗಿ, "ನಿನಗೂ ಗೊತ್ತಿತ್ತೇನ ಇದು?" ಎಂದರು.

"ಹೌದ್ರಿ ಕಾಕಾ. ನಾ ಇದ್ದೆ."

"ಮತ್ತ ಹೇಳೂದಲ್ಲ?"

ಮಗ ಹೇಳಿದ್ದ ಎಂದು ಹೇಳಬಹುದಿತ್ತು. ನಾನು ಹೇಳಲಿಲ್ಲ, ಅವನೂ ಹೇಳಲಿಲ್ಲ. ಅವರು ಇನ್ನೂ ಏನೋ ಕೇಳುವವರಂತೆ ನಿಂತಿದ್ದರು. ಅಷ್ಟರಲ್ಲಿ ಹೊರಗೆ ಗಿರಾಕಿ ಕೆಮ್ಮಿದ, ಹೋದರು.

ಅದೇ ವಾರವೋ ಮುಂದಿನ ವಾರವೋ, ನಾವು ಒಳಗೆ ಕೂತಿದ್ದೆವು. ಈ ಸಲ ಗೋಕಾಕಿನವನೂ ಇದ್ದ, ಚೀಲದ ಮೇಲೆ ಅಂಗೈಯಿಂದ ತಾಳ ಹಾಕುತ್ತಿದ್ದ. ಕಾಲುವೆಯ ಹಾಡಿಗೆ ಅರ್ಧ ಚರಣ ಬಂದಿತ್ತು. ಅಂಗಡಿಗೆ ಯಾರೋ ಬಂದರು. ದನಿಯಿಂದ ವಯಸ್ಸಾದವರು.

"ಏನ ಸಾವ್ಕಾರ್ರ, ಒಳಗ ರೇಡಿಯೋ ಹಚ್ಚೀರಿ?"

"ರೇಡಿಯೋ ಅಲ್ಲ."

"ಹಾಡ ಛಲೋ ಐತಿ. ಯಾವ ಪಿಚ್ಚರ್‌ದು?"

ಗೋಕಾಕಿನವನ ಕೈ ಚೀಲದ ಮೇಲೆ ನಿಂತಿತು. ಕಲ್ಲೋಳಿಯವನು ಮಾತ್ರ ನುಡಿಸುವುದನ್ನು ನಿಲ್ಲಿಸಲಿಲ್ಲ, ಬಲಗೈಯನ್ನು ಹಗುರ ಮಾಡಿದ.

"ಪಿಚ್ಚರ್‌ದಲ್ಲ" ಎಂದರು ಅವನ ತಂದೆ. "ಇನ್ನ ಮುಗಿದಿಲ್ಲ ಅದು. ನಮ್ಮ ಹುಡುಗ ಮಾಡಾಕತ್ತಾನ."

"ಮಾಡಾಕತ್ತಾನ ಅಂದ್ರ?"

"ಮಾಡಾಕತ್ತಾನ ಅಂದ್ರ ಮಾಡಾಕತ್ತಾನ. ಒಂದೊಂದ ಸಾಲಿಗಿ ವಾರ ವಾರ ಹಿಡಿತೈತಿ, ಸುಮ್ಮನ ಅಲ್ಲ. ಎಷ್ಟ ಹಾಕ್ಲಿ, ಐದು ಕಿಲೋ?"

ಗಿರಾಕಿ ಏನು ಹೇಳಿದರೋ ಕೇಳಿಸಲಿಲ್ಲ. ಕಾಳು ಬೀಳುವ ಸದ್ದು ಬಂತು. ಗೋಕಾಕಿನವನು ಕಲ್ಲೋಳಿಯವನ ಮುಖ ನೋಡಿದ, ಮತ್ತೆ ಚೀಲದ ಮೇಲೆ ತಾಳ ಹಿಡಿದ. ಕಲ್ಲೋಳಿಯವನು ತಲೆ ಬಗ್ಗಿಸಿ ತಂತಿಗಳನ್ನೇ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಏನಿತ್ತು ಎಂದು ನಾನು ಬರೆಯಲಾರೆ, ನನಗೆ ಕಾಣಿಸಲಿಲ್ಲ. ಅರ್ಧ ಚರಣದ ತನಕ ಹಾಡಿದ, ಅಲ್ಲಿ ಎಂದಿನಂತೆ ತಡವರಿಸಿದ.

"ಅಲ್ಲೇ ಸಿಕ್ಕೋತೈತಿ ನೋಡು ನಿನಗ" ಎಂದರು ತಂದೆ ಹೊರಗಿನಿಂದ.

"ಹೌದಪ್ಪಾ" ಎಂದು ಅವನು ಮತ್ತೆ ಮೊದಲಿನಿಂದ ಶುರು ಮಾಡಿದ.